ಕಡಲ ಮೇಲಿನ ಒಲೆ

ನಮ್ಮ ಗಡಿನಾಡಿನ ಚರಿತ್ರೆ ಎಂದೊಡನೆ ಕಣ್ಣ ಮುಂದೆ ಬರುವುದು ಕೆಲವು ಇಸವಿಗಳು. 1956ರ ನವೆಂಬರ್ 1, ಮಹಾಜನ ಆಯೋಗದ ವರದಿ ಬಂದ 1967, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984. ಇವೆಲ್ಲ ನಮ್ಮ ಬದುಕನ್ನು ಬದಲಿಸಿದ ದಿನಗಳು, ಅದರಲ್ಲಿ ಸಂಶಯವಿಲ್ಲ. ಆದರೆ ಈ ಇಸವಿಗಳ ನಡುವೆ ದಿನವೂ ನಸುಕಿಗೆ ದೋಣಿ ನೂಕಿ ಕಡಲಿಗೆ ಹೋದವನು ಏನು ಉಂಡ, ಎಲ್ಲಿ ಉಂಡ, ಬಿಸಿಯಾಗಿ ಉಂಡನೇ ತಣ್ಣಗೆ ಉಂಡನೇ ಎಂಬುದನ್ನು ಯಾವ ಆಯೋಗವೂ ಕೇಳಲಿಲ್ಲ. ಕೇಳಿದರೆ ನಗುವವರೂ ಇದ್ದಾರು. ಊಟ ಬಿಸಿ ಮಾಡುವುದರಲ್ಲಿ ಚರಿತ್ರೆ ಏನಿದೆ ಎಂದು ಅನ್ನಿಸುವುದು ಸಹಜ. ಆದರೆ ದೋಣಿಯ ಮೇಲೆ ಒಲೆ ಬಂದ ಕತೆಯನ್ನು ಹಿಡಿದು ಹೊರಟರೆ, ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ನಮ್ಮ ಕರಾವಳಿಯ ನೂರು ವರ್ಷಗಳ ಪಲ್ಲಟ ಅದರಲ್ಲೇ ಕಾಣಸಿಗುತ್ತದೆ.

ಮೊದಲಿಗೆ ಒಲೆಯೇ ಇಲ್ಲದ ಕಾಲವನ್ನು ನೋಡೋಣ. ಹಾಯಿ ಮತ್ತು ಹುಟ್ಟುಗಳ ಕಾಲದಲ್ಲಿ ಕಡಲಿಗೆ ಹೋಗುವವನ ಗಡಿಯಾರ ಗಾಳಿ. ಇರುಳು ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗಿರುತ್ತದೆ. ಆದ್ದರಿಂದ ನಸುಕಿನಲ್ಲಿ ನೆಲದ ಗಾಳಿ ಕಡಲಿನತ್ತ ಬೀಸುತ್ತದೆ. ಬಿಸಿಲೇರಿದ ಮೇಲೆ ಅದು ತಿರುಗಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ಮೊದಲನೆಯ ಗಾಳಿಯಲ್ಲಿ ಹೋಗಿ ಎರಡನೆಯ ಗಾಳಿಯಲ್ಲಿ ಮರಳುವುದು ನಮ್ಮ ಮೊಗವೀರರ, ಮುಕ್ಕುವರ, ಕಡಲನ್ನೇ ನಂಬಿದ ಇತರರ ದಿನಚರಿ. ಹೊರಡುವ ಮೊದಲು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಜೊತೆಗೆ ಕೆಂಡದಲ್ಲಿ ಸುಟ್ಟ ಒಣಮೀನು. ಕಟ್ಟಿಕೊಂಡು ಹೋಗುವುದು ಹಿಂದಿನ ದಿನದ ತಂಗಳು, ಹಾಳೆಯಲ್ಲೋ ಬಾಳೆಲೆಯಲ್ಲೋ ಸುತ್ತಿದ್ದು. ಬಾಳೆಲೆಯ ಕಟ್ಟಿಗೆ ಮಲೆಯಾಳದವರು ‘ಪೊದಿಚ್ಚೋರ್’ ಎನ್ನುತ್ತಾರೆ, ನಮ್ಮಲ್ಲಿ ಬುತ್ತಿ. ಹೆಸರು ಬೇರೆಯಾದರೂ ಅನ್ನ ಒಂದೇ, ತಣ್ಣಗಿರುವುದೂ ಒಂದೇ.

ದೋಣಿಯಲ್ಲಿ ಬೆಂಕಿ ಹಚ್ಚದಿರುವುದಕ್ಕೆ ಕಾರಣಗಳು ಸರಳ. ಮರದ ಒಡಲು, ಎಣ್ಣೆ ಕುಡಿದ ಹಲಗೆ, ತೆಂಗಿನ ನಾರಿನ ಹಗ್ಗ, ಹತ್ತಿಯ ಹಾಯಿ, ಕಾಲು ಚಾಚಲೂ ಸಾಲದ ಜಾಗ. ಮಧ್ಯಾಹ್ನಕ್ಕೆ ಮರಳುವವನಿಗೆ ಅದರ ಅಗತ್ಯವೂ ಇರಲಿಲ್ಲ. ಹಲವು ಹತ್ತು ಜನ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯಂತೂ ದಡದ ಕೆಲಸವೇ. ದೋಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದರೆ ಎರಡು ತುದಿ ಹಿಡಿದು ಎಳೆಯುವವರು ಮರಳಿನ ಮೇಲೆ. ಮನೆಯ ಒಲೆ ಕೂಗಳತೆಯಲ್ಲಿ, ಗಂಜಿ ತರುವ ಕೈ ಮನೆಯ ಹೆಂಗಸರದು.

ಹಿಡಿದ ಮೀನು ಕೂಡ ಈ ಗಡಿಯಾರಕ್ಕೇ ಕಟ್ಟುಬಿದ್ದಿತ್ತು. ಮಂಜುಗಡ್ಡೆ ಇಲ್ಲದ ನಾಡಿನಲ್ಲಿ ಮೀನಿಗೆ ಇದ್ದ ದಾರಿ ಎರಡೇ: ಆ ದಿನವೇ ಮಾರುವುದು ಅಥವಾ ಉಪ್ಪು ಹಾಕುವುದು. ಬ್ರಿಟಿಷರ ಉಪ್ಪಿನ ತೆರಿಗೆಯ ಕಾಲದಲ್ಲಿ ಮದ್ರಾಸು ಸರಕಾರ ನಮ್ಮ ದಕ್ಷಿಣ ಕನ್ನಡದ ಕರಾವಳಿಯಲ್ಲೂ ಮೀನು ಉಪ್ಪು ಹಾಕುವ ಅಂಗಳಗಳನ್ನು ತೆರೆದು, ಅಲ್ಲಿ ತೆರಿಗೆಯಿಲ್ಲದ ಉಪ್ಪು ಕೊಡುವ ಏರ್ಪಾಡು ಮಾಡಿತ್ತು. ಬೂತಾಯಿ ವಿಪರೀತ ಬಿದ್ದ ವರ್ಷ ಅದರ ಎಣ್ಣೆ ತೆಗೆದು, ಉಳಿದದ್ದು ತೆಂಗು ಕಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಹೀಗೆ ಕಡಲಿನ ಮೀನು ಒಳನಾಡಿನ ತೋಟದ ಅಡಿಕೆಗೂ ಸೇರಿತು.

ಹಾಗಾದರೆ ನಮ್ಮ ಕಡಲಿನಲ್ಲಿ ಒಲೆ ಉರಿದದ್ದೇ ಇಲ್ಲವೇ? ಉರಿದದ್ದುಂಟು, ಆದರೆ ಮೀನಿನ ದೋಣಿಯಲ್ಲಲ್ಲ, ಸರಕಿನ ಹಡಗಿನಲ್ಲಿ. ಹೆಂಚು, ಅಕ್ಕಿ, ಕೊಬ್ಬರಿ ಹೊತ್ತು ವಾರಗಟ್ಟಲೆ ಸಾಗುತ್ತಿದ್ದ ಮಂಜಿ, ಪತ್ತೆಮಾರಿಗಳಲ್ಲಿ ಅಡುಗೆಗೆಂದೇ ಒಂದು ಪೆಟ್ಟಿಗೆ. ಮರದ ಪೆಟ್ಟಿಗೆಯೊಳಗೆ ಮರಳು ಮತ್ತು ಮಣ್ಣು ತುಂಬಿ, ಮೇಲೆ ಕಲ್ಲಿಟ್ಟು ಸೌದೆ ಉರಿಸುವುದು. ಕಿಡಿ ಬಿದ್ದರೆ ಮರಳಿನ ಮೇಲೆ ಬೀಳಬೇಕು, ಹಲಗೆಯ ಮೇಲಲ್ಲ. ಅರಬರ ಹಡಗುಗಳಲ್ಲೂ ಇದೇ ಪದ್ಧತಿ. ಅಡುಗೆಯವನಿಗೆ ‘ಭಂಡಾರಿ’ ಎಂದು ಹೆಸರು. ಹಡಗಿನ ಕಲಾಸಿಗಳ ಭಾಷೆಯ ಈ ಮಾತು ಪಡುವಣ ಕರಾವಳಿಯುದ್ದಕ್ಕೂ ನಡೆಯುತ್ತಿತ್ತು. ಹಲವು ದಿನದ ಪಯಣ ಇದ್ದಲ್ಲಿ ಒಲೆ ಇತ್ತು, ಅರ್ಧ ದಿನದ ಪಯಣವಿದ್ದಲ್ಲಿ ಇರಲಿಲ್ಲ ಎಂಬ ಸೂತ್ರವನ್ನು ಇಲ್ಲಿ ಗಮನಿಸಬೇಕು. ಮುಂದಿನ ಕತೆಗೆ ಅದೇ ಕೀಲಿಕೈ.

ಇನ್ನು ಸ್ವಲ್ಪ ದೂರದ ದೇಶದ ಮಾತು. ಉತ್ತರ ಅಮೇರಿಕೆ, ನಾರ್ವೆ, ರಷ್ಯಾ ಮೊದಲಾದ ಕಡೆ ಚಳಿಗಾಲದಲ್ಲಿ ಕೆರೆಗಳ ಮೈ ಗಟ್ಟಿಯಾಗುತ್ತದೆ. ಮಂಜುಗಡ್ಡೆ ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲುತ್ತದೆ, ಕೆಳಗಿನ ನೀರಿನಲ್ಲಿ ಮೀನು ಬದುಕಿರುತ್ತದೆ. ಜನ ಆ ಗಡ್ಡೆಯ ಮೇಲೆ ನಡೆದು ಹೋಗಿ, ಬೈರಿಗೆಯಿಂದ ತೂತು ಕೊರೆದು, ಗಾಳ ಇಳಿಬಿಟ್ಟು ಕೂರುತ್ತಾರೆ. ಚಳಿ ತಡೆಯಲು ಸಣ್ಣ ಗುಡಾರ, ಒಳಗೆ ಎತ್ತಿ ಒಯ್ಯಬಹುದಾದ ಪ್ರೊಪೇನ್ ಗ್ಯಾಸಿನ ಒಲೆ. ಮೈ ಕಾಯಿಸುವುದೂ ಅದರಲ್ಲೇ, ತಂದ ಊಟ ಬಿಸಿ ಮಾಡುವುದೂ ಅದರಲ್ಲೇ. ನಮ್ಮವನು ತಂಗಳನ್ನು ತಣ್ಣಗೆ ಉಂಡರೆ ಬಿಸಿಲು ಮೈ ಕಾಯಿಸುತ್ತಿತ್ತು. ಅಲ್ಲಿಯವನು ಕಟ್ಟಿ ತಂದದ್ದು ಕಲ್ಲಾಗಿ ಹೋಗುತ್ತಿತ್ತು.

ಆ ಕೆರೆಗಳಿಗೂ ನಮಗೂ ಹಳೆಯ ನಂಟೊಂದಿದೆ. 1833ರಲ್ಲಿ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿಯ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು ಮರದ ಹೊಟ್ಟಿನಲ್ಲಿ ಹೂತು ಕಲ್ಕತ್ತೆಗೆ ಕಳಿಸಿದ. ಹೊರಟಾಗ ಸುಮಾರು 180 ಟನ್ನು, ನಾಲ್ಕು ತಿಂಗಳ ಪಯಣದ ಮೇಲೆ ಉಳಿದದ್ದು ಸುಮಾರು 100 ಟನ್ನು. 1840ರ ದಶಕದಲ್ಲಿ ಮದ್ರಾಸಿನ ಕಡಲ ದಂಡೆಯಲ್ಲೂ ಅವನ ಐಸ್ ಹೌಸ್ ಎದ್ದಿತು. ಇಂದು ಅದು ವಿವೇಕಾನಂದರ ಹೆಸರಿನಲ್ಲಿದೆ. ಆಗ ಕಾಸರಗೋಡು ಮದ್ರಾಸು ಪ್ರಾಂತದ ಮೂಲೆ. ನಮ್ಮನ್ನಾಳುತ್ತಿದ್ದ ದೊರೆಗಳ ಲೋಟದಲ್ಲಿ ಅಮೇರಿಕೆಯ ಕೆರೆಯ ತುಂಡು ತೇಲುತ್ತಿದ್ದಾಗ, ನಮ್ಮ ಬೂತಾಯಿಗೆ ಮಂಜುಗಡ್ಡೆ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ.

ಒಲೆಯೂ ಹಿಮದ ನಾಡಿನಿಂದಲೇ ಬಂತು. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ಸೀಮೆಎಣ್ಣೆಯನ್ನು ಒತ್ತಡದಿಂದ ಆವಿ ಮಾಡಿ ಉರಿಸುವ ಪ್ರೈಮಸ್ ಸ್ಟವ್ ರೂಪಿಸಿದ. ನಾನ್ಸೆನ್ ಉತ್ತರ ಧ್ರುವದತ್ತ ಹೋದಾಗ, ಅಮುಂಡ್ಸೆನ್ 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದಾಗ, ಹಿಮ ಕರಗಿಸಿ ಗಂಜಿ ಕಾಯಿಸಿದ್ದು ಈ ಹಿತ್ತಾಳೆಯ ಒಲೆ. ಅದೇ ವಂಶದ ಪಂಪ್ ಸ್ಟವ್ ಮುಂದೆ ನಮ್ಮ ಪೇಟೆಯ ಚಹಾದಂಗಡಿಗಳಲ್ಲಿ ಭರ್ರೆಂದು ಸದ್ದು ಮಾಡಿತು. ನಾವು ಚಿಮಿಣಿ ಎಣ್ಣೆ ಎಂದೆವು, ನೆರೆಯವರು ಮಣ್ಣೆಣ್ಣ ಎಂದರು.

ಮಂಜುಗಡ್ಡೆ ಮತ್ತು ಒಲೆ ಎರಡೂ ನಮ್ಮ ಕಡಲಿಗಿಳಿದದ್ದು ಸ್ವಾತಂತ್ರ್ಯದ ಬಳಿಕ. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಯ ನಡುವೆ ಆದ ಒಪ್ಪಂದದಂತೆ ಕೊಲ್ಲದ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಎಂಜಿನು ಕೂರಿಸಿದ ದೋಣಿ, ಐಸ್ ಪ್ಲಾಂಟು, ಮೀನು ಹೆಪ್ಪುಗಟ್ಟಿಸುವ ಘಟಕ ಅದರೊಂದಿಗೆ ಬಂದವು. 1953ರಲ್ಲಿಯೇ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೇರಿಕೆಗೆ ಹೊರಟಿತು. ಒಂದು ಕಾಲಕ್ಕೆ ಅಲ್ಲಿಂದ ಮಂಜುಗಡ್ಡೆ ಇಲ್ಲಿಗೆ, ಈಗ ಇಲ್ಲಿಂದ ಮಂಜುಗಡ್ಡೆಯೊಳಗಿನ ಸಿಗಡಿ ಅಲ್ಲಿಗೆ! ಆಗ ನೀಂಡಕರ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿತ್ತು, ನಾವು ಮದ್ರಾಸು ರಾಜ್ಯದಲ್ಲಿದ್ದೆವು. ಮೂರು ನಾಲ್ಕು ವರ್ಷಗಳಲ್ಲಿ ಎರಡೂ ಕಡೆಯವರು ಒಂದೇ ಕೇರಳದವರಾದೆವು. ಆದರೆ ಕುಂಬಳೆ, ಉಪ್ಪಳ, ಮಂಜೇಶ್ವರದ ಹುಡುಗರು ಎಂಜಿನಿನ ಕೆಲಸ ಹುಡುಕಿ ಹೋದದ್ದು ಹೆಚ್ಚಾಗಿ ಬಡಗಣ ಮಂಗಳೂರು, ಮಲ್ಪೆಗಳಿಗೆ. ರಾಜ್ಯದ ಗೆರೆ ದಾಟಿದರೂ ಮಾತು ಬದಲಾಗದ ಊರುಗಳವು.

ಎಂಜಿನು ಬಂದ ಮೇಲೆ ಗಾಳಿಯ ಗಡಿಯಾರ ನಿಂತಿತು. ಐಸು ಬಂದ ಮೇಲೆ ಮೀನು ಕೊಳೆಯುವ ಭಯ ಹೋಯಿತು. ಈ ಎರಡೂ ಸೇರಿದಾಗ ದೋಣಿ ಮಧ್ಯಾಹ್ನಕ್ಕೆ ಮರಳಬೇಕಾದ ಕಾರಣವೇ ಉಳಿಯಲಿಲ್ಲ. ಒಂದು ದಿನ ಎರಡಾಯಿತು, ಎರಡು ನಾಲ್ಕಾಯಿತು. ಇಂದು ಆಳಸಮುದ್ರದ ಟ್ರಾಲ್ ಬೋಟುಗಳು ಹತ್ತು ಹನ್ನೆರಡು ದಿನ ಕಡಲಲ್ಲೇ ಇರುತ್ತವೆ. ಹಲವು ದಿನದ ಪಯಣ ಬಂದಲ್ಲಿ ಒಲೆ ಬರಲೇಬೇಕು ಎಂಬ ಹಳೆಯ ಸೂತ್ರ ಮತ್ತೆ ನಿಜವಾಯಿತು. ಸೀಮೆಎಣ್ಣೆಯ ಸ್ಟವ್ ಮೊದಲು, ಗ್ಯಾಸ್ ಅಂಡೆ ಆಮೇಲೆ. ಕೆಳಗಿನ ಕೋಣೆಯಲ್ಲಿ ಐಸು, ಮೇಲಿನ ಮೂಲೆಯಲ್ಲಿ ಬೆಂಕಿ, ನಡುವೆ ಮನುಷ್ಯ. ಡೀಸೆಲು, ಐಸು, ರೇಷನ್ ಈ ಮೂರರ ಖರ್ಚು ಕಳೆದು ಉಳಿದದ್ದೇ ಪಾಲು. ಅಕ್ಕಿಯ ಲೆಕ್ಕ ಹೀಗೆ ಮನೆಯಿಂದ ಬೋಟಿಗೆ ಹೋಯಿತು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದು ರಂಪಣಿ ಮೂಲೆ ಸೇರಿದಾಗ, ದಡಕ್ಕೆ ಗಂಜಿ ಹೊತ್ತು ತರುವ ಕೆಲಸವೂ ಅದರೊಂದಿಗೆ ಮೂಲೆ ಸೇರಿತು.

ಗ್ಯಾಸಿನ ವಿಷಯದಲ್ಲಿ ಒಂದೆರಡು ಮಾತು ಹೇಳಬೇಕು, ಏಕೆಂದರೆ ನಮ್ಮ ಮನೆಯ ಮಕ್ಕಳ ಜೀವ ಅದರ ಪಕ್ಕದಲ್ಲಿದೆ. ನಮ್ಮ ಅಂಡೆಯಲ್ಲಿರುವುದು ಬ್ಯೂಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹಿಮದ ಮೇಲೆ ಮೀನು ಹಿಡಿಯುವವನು ಪ್ರೊಪೇನನ್ನೇ ಒಯ್ಯುವುದು ಇದಕ್ಕಾಗಿ. ನಮ್ಮ ಸೆಕೆಯ ನಾಡಿಗೆ ಮಿಶ್ರಣ ಸಾಕು. ಆದರೆ ಎರಡರ ಕೆಟ್ಟ ಗುಣವೂ ಒಂದೇ: ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಗೆ ಹರಿದು ಹೋಗಬಹುದು. ದೋಣಿಯಲ್ಲಿ ಅದು ಕೆಳಗಿಳಿದು ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಎಂಜಿನಿನ ಒಂದು ಕಿಡಿ ಸಾಕು. ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ, ಆದರೆ ಮೀನು ಮತ್ತು ಡೀಸೆಲಿನ ನಡುವೆ ಅದು ತಿಳಿಯುವುದು ತಡ. ಮುಚ್ಚಿದ ಕೋಣೆಯಲ್ಲಿ ಒಲೆ ಉರಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು. ಹಿಮದ ಗುಡಾರಗಳಲ್ಲಿ ಮಲಗಿದಲ್ಲೇ ಜನ ಸತ್ತಿರುವುದು ಇದರಿಂದ. ಅಂಡೆ ಮೇಲಿನ ಬಯಲಲ್ಲಿರಬೇಕು, ಉರಿಸಿದ ಮೇಲೆ ಅಂಡೆಯ ಬಾಯಿಯನ್ನೇ ಮುಚ್ಚಬೇಕು, ಒಲೆ ಹಚ್ಚಿ ಮಲಗಬಾರದು. ಪತ್ತೆಮಾರಿಯ ಭಂಡಾರಿ ಮರಳಿನ ಪೆಟ್ಟಿಗೆಯಲ್ಲಿ ಕಲಿತಿದ್ದ ಎಚ್ಚರವನ್ನು ನಾವು ಅಂಡೆಯೊಂದಿಗೆ ಹೊಸದಾಗಿ ಕಲಿಯಬೇಕಾಗಿದೆ. ಅದೂ ಮನೆಮಾತಿನಲ್ಲಿ ಹೇಳಿದರೆ ಮಾತ್ರ ಮನಸ್ಸಿಗೆ ಇಳಿಯುತ್ತದೆ.

ಈ ಒಲೆ ತಂದ ಒಳಿತನ್ನೂ ಮರೆಯಬಾರದು. ಬುತ್ತಿಯ ಕಾಲದಲ್ಲಿ ಪ್ರತಿಯೊಬ್ಬನೂ ತನ್ನ ಮನೆಯ, ತನ್ನ ಜಾತಿಯ ಅನ್ನವನ್ನು ತಾನೇ ಕಟ್ಟಿ ತರುತ್ತಿದ್ದ. ಬೋಟಿನಲ್ಲಿ ಒಲೆ ಒಂದು, ಪಾತ್ರೆ ಒಂದು. ತಾಂಡೇಲನಿಗೂ ಹೊಸದಾಗಿ ಸೇರಿದ ಕಲಾಸಿಗೂ ಅದೇ ಅನ್ನ, ಅದೇ ಬಂಗುಡೆಯ ಪುಳಿಮುಂಚಿ. ತುಳು, ಕನ್ನಡ, ಮಲೆಯಾಳ, ಕೊಂಕಣಿ, ಬ್ಯಾರಿ, ಈಗ ತಮಿಳು, ತೆಲುಗು, ಒಡಿಯಾ ಕೂಡ ಆ ಪಾತ್ರೆಯ ಸುತ್ತ ಕೂರುತ್ತವೆ. ತಾಂಡೇಲನನ್ನು ತೆಂಕಣದವರು ಸ್ರಾಂಕ್ ಎಂದರೂ, ಬಂಗುಡೆಯನ್ನು ಅಯಲ ಎಂದರೂ, ಬೂತಾಯಿಯನ್ನು ಮತ್ತಿ ಎಂದರೂ ಬಡಿಸುವ ಸೌಟು ನಿಲ್ಲುವುದಿಲ್ಲ. ದಡದ ಮೇಲೆ ಭಾಷೆಯ ಹೆಸರಿನಲ್ಲಿ ನಾವು ಪಡುವ ಸಂಕಟ ಸುಳ್ಳಲ್ಲ. ಆದರೆ ಕಡಲ ಮೇಲಿನ ಈ ಪಂಕ್ತಿಯೂ ಸುಳ್ಳಲ್ಲ.

ಕಳೆದುಕೊಂಡದ್ದೂ ಇದೆ. ದೋಣಿ ಮಧ್ಯಾಹ್ನ ದಡ ಸೇರುತ್ತಿದ್ದಾಗ ಕಾಯುವ ಹೊತ್ತಿಗೆ ಒಂದು ಮಿತಿಯಿತ್ತು. ಒಲೆ ಕಡಲಿಗೆ ಹೋದ ಮೇಲೆ ಕಾಯುವಿಕೆಗೆ ಮಿತಿಯಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳ ಉದ್ದಕ್ಕೂ ಮನೆಗಳಲ್ಲಿ ಒಲೆ ಹೇಗೆ ಉರಿದಿರಬಹುದು ಎಂದು ಊಹಿಸಲು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದ ನಿಷೇಧವೂ ನಮ್ಮ ಪಾಲಿಗೆ ಎರಡು ಬಗೆ. ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ 1988ರಿಂದ ತಡೆಯಿದೆ, 2018ರಿಂದ ಅದು 52 ದಿನ. ಕರ್ನಾಟಕದಲ್ಲಿ ಜೂನ್, ಜುಲೈ ಸೇರಿ 61 ದಿನ. ಮಂಜೇಶ್ವರದ ಮನೆಯಲ್ಲಿದ್ದು ಮಂಗಳೂರಿನ ಬೋಟಿಗೆ ಹೋಗುವವನು ಲೆಕ್ಕ ಹಾಕುವುದು ಎರಡನೆಯ ಪಂಚಾಂಗದಂತೆ.

2020ರಲ್ಲಿ ಮಂಜೇಶ್ವರದಲ್ಲಿ ಮೀನುಗಾರಿಕೆ ಬಂದರು ಉದ್ಘಾಟನೆಯಾಯಿತು. ಹಾಯಿದೋಣಿಯ ಬುತ್ತಿಯನ್ನು ಕಂಡವರು ನಮ್ಮ ನಡುವೆ ಇನ್ನು ಬೆರಳೆಣಿಕೆಯಷ್ಟು. ತಂಗಳು ಕಟ್ಟುವ ಬಗೆ, ಒಣಮೀನು ಸುಡುವ ಬಗೆ, ಭಂಡಾರಿಯ ಪೆಟ್ಟಿಗೆಯ ಭಾಗಗಳ ಹೆಸರು ಇವೆಲ್ಲ ಅವರ ನಾಲಗೆಯಲ್ಲಿವೆ, ಪುಸ್ತಕದಲ್ಲಿಲ್ಲ. ಆಡಿದ್ದನ್ನು ಆಡಿದ ಭಾಷೆಯಲ್ಲೇ, ತುಳುವಾದರೆ ತುಳುವಿನಲ್ಲಿ, ಮಲೆಯಾಳವಾದರೆ ಮಲೆಯಾಳದಲ್ಲಿ ಬರೆದಿಡುವ ಕೆಲಸವನ್ನು ಈ ಸಂಚಿಕೆಯ ಓದುಗರು ತಮ್ಮ ತಮ್ಮ ಮನೆಗಳಲ್ಲೇ ಆರಂಭಿಸಬಹುದು. ಅಜ್ಜಿ ಗಂಜಿ ಬಡಿಸುವ ಹೊತ್ತಿಗೆ ಕೇಳಿದರೆ ಸಾಕು, ಅವರು ಹೇಳಿಯಾರು.