ಹತ್ತು ‘ರಿ’ಗಳೊಳಗಿನ ವಿಹಾರ

ಜೀವನೋಪಾಯವನ್ನರಸಿ ಪರದೇಶವಾಸವನ್ನು ಕೈಕೊಂಡ ಗೃಹಸ್ಥನು ವಾರದ ಆರು ದಿವಸಗಳನ್ನು ವ್ಯಾಪಾರದಲ್ಲಿಯೋ ಉದ್ಯೋಗದಲ್ಲಿಯೋ ಕಳೆದು, ಏಳನೆಯ ದಿವಸ ಹೆಂಡತಿಮಕ್ಕಳೊಡನೆ ಬುತ್ತಿಯನ್ನು ಕಟ್ಟಿಕೊಂಡು ಊರ ಹೊರಕ್ಕೆ ಹೊರಡುವುದು ಲೋಕರೂಢಿಯೇ ಆಗಿದೆ. ಇಂತಹ ಅಲ್ಪವಾದ ವಿಷಯದಲ್ಲಿ ಚರಿತ್ರೆಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಜಪಾನ್ ದೇಶದಲ್ಲಿ ನಾಲ್ವತ್ತು ವರ್ಷಗಳ ಕಾಲ ಈ ವಿಹಾರವು ರಾಜ್ಯರಾಜ್ಯಗಳ ನಡುವಣ ಸಂಧಿಪತ್ರದಲ್ಲಿ ಗಜಗಳ ಲೆಕ್ಕದಿಂದ ಅಳೆದು ಕೊಟ್ಟ ಹಕ್ಕಾಗಿದ್ದಿತು. ಆ ಹಕ್ಕನ್ನು ಅನುಭವಿಸಲು ಹೊರಟವರಲ್ಲಿ ಕೆಲವರು ಮನೆಗೆ ಮರಳಲಿಲ್ಲ. ಒಂದು ಆದಿತ್ಯವಾರದ ಕುದುರೆಸವಾರಿಯ ದೆಸೆಯಿಂದ ಮರುವರ್ಷ ದೂರದ ಒಂದು ಪಟ್ಟಣದ ಭಾಗವೇ ಬೆಂಕಿಗೆ ತುತ್ತಾಯಿತು.

ಎರಡು ಶತಮಾನಗಳಿಗೂ ಮಿಕ್ಕ ಕಾಲ ಹೊರಗಿನವರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿದ್ದ ಜಪಾನಿನ ಸರ್ಕಾರವು 1858ನೆಯ ಜುಲೈ 29ರಂದು ಅಮೆರಿಕದ ಪ್ರತಿನಿಧಿಯಾದ ಟೌನ್‌ಸೆಂಡ್ ಹ್ಯಾರಿಸನೊಡನೆ ವಾಣಿಜ್ಯದ ಒಪ್ಪಂದವನ್ನು ಮಾಡಿಕೊಂಡಿತು. ಅದೇ ವರ್ಷದಲ್ಲಿ ಹಾಲೆಂಡು, ರಷ್ಯಾ, ಇಂಗ್ಲೆಂಡು, ಫ್ರಾನ್ಸುಗಳೊಡನೆಯೂ ಅಂಥವೇ ಒಪ್ಪಂದಗಳಾದುವು. ಇವುಗಳ ಪ್ರಕಾರ ಕೆಲವು ಬಂದರುಗಳಲ್ಲಿ ಮಾತ್ರ ಪರದೇಶೀಯರು ವಾಸಮಾಡಬಹುದು. ಅಲ್ಲಿಂದ ಸುತ್ತಲೂ ಹತ್ತು ‘ರಿ’ಗಳವರೆಗೆ ಸ್ವೇಚ್ಛೆಯಾಗಿ ತಿರುಗಬಹುದು. ರಾಜಧಾನಿಯಾದ ಎದೋ ನಗರದ ಕಡೆಗಾದರೆ ರೊಕುಗೋ ನದಿಯೇ ಮೇರೆ. ‘ರಿ’ ಎಂಬುದು ಸುಮಾರು ಎರಡೂವರೆ ಮೈಲಿಯ ಅಳತೆ, ನಮ್ಮ ಹರದಾರಿಗಿಂತ ಸ್ವಲ್ಪ ಕಡಮೆ. ಹತ್ತು ‘ರಿ’ ಎಂದರೆ ಇಪ್ಪತ್ತನಾಲ್ಕು ಮೈಲಿಗಳ ಮೇಲಷ್ಟು. ಈ ವಲಯಕ್ಕೆ ಜಪಾನೀಯರು ಇಟ್ಟ ಹೆಸರಿನ ಮೊದಲ ಮಾತು ‘ಯೂಹೊ’ ಎಂದು. ವಿನೋದಕ್ಕಾಗಿ ನಡೆದಾಡುವುದೆಂದು ಅದರ ಅರ್ಥ. ಸಂಸ್ಕೃತದಲ್ಲಿ ಹೇಳುವುದಾದರೆ ‘ವಿಹಾರ’ವೇ ಸರಿ. ಬೌದ್ಧಸಂನ್ಯಾಸಿಗಳ ನೆಲೆಗೂ ನಾವು ಅದೇ ಪದವನ್ನು ಬಳಸುತ್ತೇವಷ್ಟೆ. ಈ ಪರದೇಶೀಯರ ವಿಹಾರಗಳು ಬಹುಮಟ್ಟಿಗೆ ಬೌದ್ಧವಿಹಾರಗಳ ಕಡೆಗೇ ಸಾಗಿದುವೆಂಬುದು ಒಂದು ವಿನೋದ.

ಇಂತಹ ಎಲ್ಲೆಯನ್ನು ಹಾಕಿದ್ದು ಕೇವಲ ಸಂಕುಚಿತಬುದ್ಧಿಯಿಂದಲೆಂದು ಅಂದಿನ ಪಾಶ್ಚಾತ್ಯರು ದೂರಿದರು. ಆದರೆ ಅದೇ ಒಪ್ಪಂದಗಳ ಇನ್ನೊಂದು ನಿಬಂಧನೆಯನ್ನು ನೋಡಬೇಕು. ಪರದೇಶೀಯನು ಜಪಾನಿನ ನೆಲದಲ್ಲಿ ಅಪರಾಧ ಮಾಡಿದರೆ ಅವನನ್ನು ವಿಚಾರಿಸುವ ಅಧಿಕಾರವು ಜಪಾನಿನ ನ್ಯಾಯಾಧಿಪತಿಗೆ ಇರಲಿಲ್ಲ. ಅವನ ದೇಶದ ಕಾನ್ಸಲನೇ ಅವನಿಗೆ ನ್ಯಾಯಾಧೀಶನು. ತನ್ನ ದಂಡಕ್ಕೆ ಸಿಕ್ಕದವನನ್ನು ತನ್ನ ಒಳನಾಡಿನಲ್ಲಿ ಇಷ್ಟಬಂದಂತೆ ಅಲೆಯಲು ಯಾವ ಅರಸನು ತಾನೆ ಬಿಟ್ಟಾನು? ವಿಹಾರದ ಎಲ್ಲೆಯೂ ಕಾನ್ಸಲನ ನ್ಯಾಯಾಲಯವೂ ಒಂದೇ ನಾಣ್ಯದ ಎರಡು ಮುಖಗಳು. ಒಂದು ಹೋಗುವವರೆಗೆ ಇನ್ನೊಂದು ಹೋಗಲಿಲ್ಲ.

1859ನೆಯ ಜುಲೈ 1ರಂದು ಯೊಕೊಹಾಮಾ ಬಂದರು ತೆರೆಯಿತು. ಒಪ್ಪಂದದಲ್ಲಿ ಇದ್ದ ಹೆಸರು ಕಾನಾಗಾವಾ. ಅದು ಎದೋವಿನಿಂದ ಕ್ಯೋಟೋವಿಗೆ ಹೋಗುವ ತೋಕೈದೋ ಎಂಬ ಹೆದ್ದಾರಿಯ ಮೇಲಿನ ಊರು. ದೊರೆಗಳ ಮೆರವಣಿಗೆಗಳು ಹಾದುಹೋಗುವ ದಾರಿ. ಆದುದರಿಂದ ಅಧಿಕಾರಿಗಳು ಕೊಲ್ಲಿಯ ಆಚೆಗಿದ್ದ ಯೊಕೊಹಾಮಾ ಎಂಬ ಮೀನುಗಾರರ ಹಳ್ಳಿಯಲ್ಲಿ ಹಡಗುಕಟ್ಟೆಗಳನ್ನೂ ಮನೆಗಳನ್ನೂ ಮುಂಚಿತವಾಗಿಯೇ ಕಟ್ಟಿಸಿ ಪರದೇಶೀಯರನ್ನು ಅಲ್ಲಿಗೆ ತಿರುಗಿಸಿದರು. ಸುತ್ತಲೂ ಕಾಲುವೆಯನ್ನು ತೋಡಿಸಿ, ಸೇತುವೆಗಳ ಬಳಿ ಕಾವಲುಕಟ್ಟೆಗಳನ್ನಿರಿಸಿದರು. ವಾರವೆಲ್ಲ ರೇಷ್ಮೆ ಚಹಗಳ ಲೆಕ್ಕದಲ್ಲಿ ಮುಳುಗಿ, ಅಗಲವಿಲ್ಲದ ಬೀದಿಗಳಲ್ಲಿ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದ ಜನಕ್ಕೆ ಆದಿತ್ಯವಾರದಂದು ಆ ಕಾವಲುಕಟ್ಟೆಯನ್ನು ದಾಟಿ ಹೋಗುವುದೇ ಒಂದು ಬಿಡುಗಡೆಯಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

1862ನೆಯ ಸೆಪ್ಟೆಂಬರ್ 14 ಆದಿತ್ಯವಾರ. ಶಾಂಘಾಯಿಯಲ್ಲಿ ವರ್ತಕನಾಗಿದ್ದು ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಯೊಕೊಹಾಮಾಕ್ಕೆ ಬಂದಿದ್ದ ಚಾರ್ಲ್ಸ್ ಲೆನಕ್ಸ್ ರಿಚರ್ಡ್‌ಸನ್ ಎಂಬವನು, ಅಲ್ಲಿಯ ನಿವಾಸಿಗಳಾದ ಮಾರ್ಷಲ್, ಕ್ಲಾರ್ಕ್ ಎಂಬಿಬ್ಬರೊಡನೆಯೂ, ಮಾರ್ಷಲನ ನಾದಿನಿಯಾದ ಬಾರಡೇಲ್ ಎಂಬ ಗೃಹಿಣಿಯೊಡನೆಯೂ ಕಾವಾಸಾಕಿಯ ದೇವಾಲಯವನ್ನು ನೋಡಲು ಹೊರಟನು. ಆ ದೇವಾಲಯವು ಕೋಬೋ ದೈಶಿ ಎಂಬ ಮಹಾಪುರುಷನ ಹೆಸರಿನಲ್ಲಿದೆ. ಒಂಬತ್ತನೆಯ ಶತಮಾನದ ಆರಂಭದಲ್ಲಿ ಚೀನಕ್ಕೆ ಹೋಗಿ, ಪ್ರಜ್ಞನೆಂಬ ಭಾರತೀಯ ಪಂಡಿತನಲ್ಲಿ ಸಂಸ್ಕೃತವನ್ನಭ್ಯಸಿಸಿ ಬಂದವನು ಆತನು. ನಾಲ್ವರೂ ದೋಣಿಯಲ್ಲಿ ಕೊಲ್ಲಿಯನ್ನು ದಾಟಿ, ಕಾನಾಗಾವಾದಲ್ಲಿ ಕುದುರೆಗಳನ್ನೇರಿ ತೋಕೈದೋ ಹೆದ್ದಾರಿಯಲ್ಲಿ ಮುಂದುವರಿದರು. ಕಾವಾಸಾಕಿಯು ನದಿಯ ಈಚೆಗಿದ್ದುದರಿಂದ ಎಲ್ಲೆಯನ್ನು ಅವರು ಮೀರಿರಲಿಲ್ಲ.

ನಮಾಮುಗಿ ಎಂಬ ಹಳ್ಳಿಯ ಬಳಿ ಎದುರಿಗೆ ಸತ್ಸುಮಾ ಪ್ರಾಂತದ ದೊರೆಯ ತಂದೆಯಾದ ಶಿಮಾಜು ಹಿಸಾಮಿತ್ಸುವಿನ ಮೆರವಣಿಗೆ ಬಂದಿತು. ದಾರಿಯು ಇಕ್ಕಟ್ಟಾದುದು, ಆಯುಧಪಾಣಿಗಳಾದ ನೂರಾರು ಮಂದಿ. ಇಂತಹ ಮೆರವಣಿಗೆ ಬಂದಾಗ ಜನಸಾಮಾನ್ಯರು ಪಕ್ಕಕ್ಕೆ ಸರಿದು ನೆಲಕ್ಕೆ ಬಾಗುವುದು ಅಲ್ಲಿಯ ಸಂಪ್ರದಾಯ. ವಿಹಾರಕ್ಕೆ ಹೊರಟವರು ಕುದುರೆಯಿಂದ ಇಳಿಯಲಿಲ್ಲ. ಅವರ ಕುದುರೆಗಳು ಮೆರವಣಿಗೆಯ ಸಾಲಿನೊಳಕ್ಕೆ ನುಗ್ಗಿದುವು. ಹಿಂದಿರುಗಿಸಬೇಕೆನ್ನುವಷ್ಟರಲ್ಲಿ ಕತ್ತಿಗಳು ಒರೆಯಿಂದೀಚೆಗೆ ಬಂದಿದ್ದುವು. ರಿಚರ್ಡ್‌ಸನ್ನನು ಕೆಲವು ದೂರ ಸಾಗಿ ಬಿದ್ದು ಅಲ್ಲಿಯೇ ಹತನಾದನು. ಗಾಯಗೊಂಡ ಇಬ್ಬರು ಕಾನಾಗಾವಾದ ದೇವಾಲಯವೊಂದರಲ್ಲಿದ್ದ ಅಮೆರಿಕದ ಕಾನ್ಸಲನ ನೆಲೆಯನ್ನು ಸೇರಿ, ಡಾಕ್ಟರ್ ಹೆಪ್‌ಬರ್ನನ ಚಿಕಿತ್ಸೆಯಿಂದ ಉಳಿದುಕೊಂಡರು. ಆ ಗೃಹಿಣಿಯು ಮಾತ್ರ ದೇಹಕ್ಕೆ ಗಾಯವಿಲ್ಲದೆ, ಕುದುರೆಯನ್ನು ಓಡಿಸಿಕೊಂಡು ಯೊಕೊಹಾಮಾಕ್ಕೆ ಬಂದು ಸುದ್ದಿಯನ್ನು ಮುಟ್ಟಿಸಿದಳು.

ತಪ್ಪು ಯಾರದು? ಒಪ್ಪಂದದ ಅಕ್ಷರವನ್ನು ನೋಡಿದರೆ ಸವಾರರಿಗೆ ಆ ದಾರಿಯಲ್ಲಿ ಹೋಗುವ ಹಕ್ಕು ಇದ್ದಿತು. ಆದರೆ ದೊರೆಯ ಪರಿವಾರಕ್ಕೆ ಆ ಅಕ್ಷರಗಳು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಲೆಕ್ಕಕ್ಕೆ ತರುತ್ತಿರಲಿಲ್ಲ. ಅತಿಥಿಯು ಮನೆಯ ಒಡಂಬಡಿಕೆಯನ್ನು ಓದಿಕೊಂಡು ಬಂದಿದ್ದನು, ಮನೆಯ ಆಚಾರವನ್ನಲ್ಲ. ಹಾಗೆಂದು ನಿರಾಯುಧರಾದ ಪ್ರವಾಸಿಗಳ ಮೇಲೆ, ಅದರಲ್ಲಿಯೂ ಒಬ್ಬ ಹೆಂಗಸಿನ ಮೇಲೆ, ಕತ್ತಿಯೆತ್ತಿದುದನ್ನು ಆಚಾರದ ಹೆಸರಿನಿಂದ ಸಮರ್ಥಿಸುವಂತಿಲ್ಲ.

ಇಂಗ್ಲೆಂಡು ಜಪಾನಿನ ಸರ್ಕಾರದಿಂದ 1,00,000 ಪೌಂಡುಗಳನ್ನೂ ಸತ್ಸುಮಾ ದೊರೆಯಿಂದ 25,000 ಪೌಂಡುಗಳನ್ನೂ ಕೇಳಿತು. ಸರ್ಕಾರವು ತೆತ್ತಿತು, ಸತ್ಸುಮಾ ತೆರಲಿಲ್ಲ. 1863ನೆಯ ಆಗಸ್ಟಿನಲ್ಲಿ ಏಳು ಯುದ್ಧನೌಕೆಗಳು ಕಾಗೋಷಿಮಾ ಪಟ್ಟಣದ ಮುಂದೆ ನಿಂತು ಗುಂಡಿನ ಮಳೆಗರೆದುವು. ರಿಚರ್ಡ್‌ಸನ್ನನ ಹೆಸರನ್ನೇ ಕೇಳರಿಯದ ಗೃಹಸ್ಥರ ಮನೆಗಳು ಬಿರುಗಾಳಿಯಲ್ಲಿ ಹೊತ್ತಿ ಉರಿದುವು. ಚರಿತ್ರೆಯ ವಕ್ರಗತಿಯನ್ನು ನೋಡಿರಿ: ಪೆಟ್ಟುತಿಂದ ಸತ್ಸುಮಾ ಪ್ರಾಂತವು ಆ ಪೆಟ್ಟಿನಿಂದಲೇ ಪಾಶ್ಚಾತ್ಯರ ಬಲವನ್ನರಿತು ಇಂಗ್ಲೆಂಡಿನ ಸ್ನೇಹವನ್ನು ಬೆಳಸಿತು, 1865ರಲ್ಲಿ ತನ್ನ ತರುಣರನ್ನು ಗುಟ್ಟಾಗಿ ಆ ದೇಶಕ್ಕೇ ವಿದ್ಯಾಭ್ಯಾಸಕ್ಕೆ ಕಳುಹಿಸಿತು. ಕೆಲವೇ ವರ್ಷಗಳಲ್ಲಿ ಹಳೆಯ ಸರ್ಕಾರವನ್ನು ಉರುಳಿಸಿದವರಲ್ಲಿ ಈ ಸತ್ಸುಮಾದವರೇ ಅಗ್ರಗಣ್ಯರು.

ಇತ್ತ ವಿಹಾರವು ನಿಲ್ಲಲಿಲ್ಲ. 1864ನೆಯ ನವೆಂಬರಿನಲ್ಲಿ ಬಾಲ್ಡ್‌ವಿನ್, ಬರ್ಡ್ ಎಂಬ ಇಬ್ಬರು ಆಂಗ್ಲ ಸೇನಾಧಿಕಾರಿಗಳು ಕಾಮಾಕುರಾದ ದೇವಾಲಯಗಳನ್ನು ನೋಡಲು ಹೋಗಿ ಅಲ್ಲಿ ಕೊಲೆಯಾದರು. ಪರದೇಶೀಯರನ್ನು ತೋಕೈದೋ ಹೆದ್ದಾರಿಯಿಂದ ದೂರವಿಡುವುದೇ ಕ್ಷೇಮವೆಂದು ಬಗೆದ ಅಧಿಕಾರಿಗಳು ಯೊಕೊಹಾಮಾದ ದಕ್ಷಿಣದ ಗುಡ್ಡಗಳ ಮೇಲೆ, ನೆಗಿಷಿ ಎಂಬಲ್ಲಿಯ ಕಡಲಂಚನ್ನು ಬಳಸಿ ಬರುವಂತೆ ಕೆಲವು ಮೈಲಿಗಳ ಹೊಸ ದಾರಿಯೊಂದನ್ನು ಹಾಕಿಸಿಕೊಟ್ಟರು. ಅದಕ್ಕೂ ‘ಯೂಹೊ’ದ ಹೆಸರೇ. ಪರದೇಶೀಯರ ವಾಯುಸೇವನೆಗಾಗಿಯೇ ಒಂದು ಸರ್ಕಾರವು ದಾರಿ ಕಡಿಸಿದ ನಿದರ್ಶನಗಳು ವಿರಳವೆಂದು ತೋರುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗದ್ದೆಗಳು, ಆಕಾಶವು ತಿಳಿಯಾಗಿದ್ದ ದಿನ ದೂರದಲ್ಲಿ ಫ್ಯೂಜಿ ಪರ್ವತ. ದಾರಿಯುದ್ದಕ್ಕೂ ಚಹದಂಗಡಿಗಳು ತಲೆಯೆತ್ತಿದುವು.

1870ರ ವೇಳೆಗೆ ಕಾಲವು ಶಾಂತವಾಯಿತು. ಗುಡ್ಡದ ಮೇಲಣ ಯಾಮಾತೆ ಎಂಬಲ್ಲಿ ಸಂಸಾರಸಹಿತರಾಗಿ ವಾಸಿಸುವವರು ಹೆಚ್ಚಿದರು. ಅವರಿಗಾಗಿ ಅದೇ ವರ್ಷ ಅಲ್ಲಿ ಒಂದು ಉದ್ಯಾನವೂ ಆಯಿತು. ಆಗತಾನೆ ಜಪಾನಿನಲ್ಲಿ ಹುಟ್ಟಿದ್ದ ‘ಜಿನ್‌ರಿಕಿಷಾ’ ಎಂಬ, ಮನುಷ್ಯನೆಳೆಯುವ ಗಾಡಿಯು ಹೆಂಗಸರಿಗೂ ಮಕ್ಕಳಿಗೂ ದೂರದ ವಿಹಾರವನ್ನು ಸುಲಭಮಾಡಿತು. ನಮ್ಮ ಊರುಗಳ ಬೀದಿಗಳಲ್ಲಿ ಇಂದು ಓಡುವ ರಿಕ್ಷಾಗಳು ಹೆಸರಿನ ಮಟ್ಟಿಗೆ ಅದರ ಸಂತತಿಯೇ. ಒಂದು ದಿನದ ದಾರಿಯೆಂದರೆ ಕಾಮಾಕುರಾ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಯೊರಿತೊಮೋ ರಾಜ್ಯವಾಳಿದ ಆ ಊರು ಆಗ ಹಳ್ಳಿಯಾಗಿದ್ದಿತು. ಅಲ್ಲಿಯ ಅಮಿತಾಭಬುದ್ಧನ ಕಂಚಿನ ಮೂರ್ತಿಯು ಹದಿಮೂರನೆಯ ಶತಮಾನದ್ದು, ಸುಮಾರು 37 ಅಡಿ ಎತ್ತರ. ಮೇಲಿದ್ದ ಗುಡಿಯು ಹಾಳಾಗಿ, ನಮ್ಮ ಶ್ರವಣಬೆಳ್ಗೊಳದ ಗೊಮ್ಮಟನಂತೆ ಮಳೆಬಿಸಿಲುಗಳಲ್ಲಿಯೇ ಇದೆ. ವಿಹಾರಕ್ಕೆ ಬಂದವರು ಆ ಮೂರ್ತಿಯ ಮಡಿಲನ್ನೇರಿ, ಜೋಡಿಸಿದ ಕೈಗಳ ಮೇಲೆ ಕುಳಿತು ಛಾಯಾಚಿತ್ರಗಳನ್ನು ತೆಗೆಯಿಸಿಕೊಂಡರು. ಆ ಚಿತ್ರಗಳಲ್ಲಿ ಅವರ ಮುಖಗಳು ಬಹು ಪ್ರಸನ್ನವಾಗಿವೆ. ಬುದ್ಧನದೂ ಹಾಗೆಯೇ ಇದೆಯೆಂಬುದು ಆ ಶಿಲ್ಪಿಯ ಪುಣ್ಯ! ಅಲ್ಲಿಂದ ಮುಂದೆ ಎನೋಷಿಮಾ ಎಂಬ ನಡುಗಡ್ಡೆ. ಅದರ ಅಧಿದೇವತೆ ವೀಣಾಪಾಣಿಯಾದ ಬೆಂಜೈತೆನ್. ಅಂದರೆ ಭಾರತದಿಂದ ಚೀನದ ದಾರಿಯಾಗಿ ಹೋಗಿ ನೆಲೆಗೊಂಡ ಸರಸ್ವತಿಯೇ. ಚಿಪ್ಪಿನ ಆಟಿಕೆಗಳನ್ನು ಕೊಳ್ಳಲು ಅಲ್ಲಿಗೆ ಮಕ್ಕಳನ್ನು ಕರೆತಂದ ಯೂರೋಪಿಯನ್ ತಾಯಿತಂದೆಗಳಲ್ಲಿ ಎಷ್ಟು ಮಂದಿಗೆ ಅದು ತಿಳಿದಿದ್ದೀತು?

ಎಲ್ಲೆಯ ಆಚೆಗೆ ಹೋಗಬೇಕಾದರೆ ರಹದಾರಿ ಬೇಕಾಗಿದ್ದಿತು. ಹಾಕೋನೆ ಬೆಟ್ಟದ ಬಿಸಿನೀರಿನ ಬುಗ್ಗೆಗಳೂ, 1878ರಲ್ಲಿ ಮಿಯಾನೋಷಿತಾದಲ್ಲಿ ತೆರೆದ ಫುಜಿಯಾ ಹೋಟೆಲೂ ಗೆರೆಯ ಆಚೆಗಿದ್ದುವು. 1874ರಿಂದ ಈ ರಹದಾರಿಗಳಿಗೆ ಕ್ರಮವೇರ್ಪಟ್ಟಿತು. ಆರೋಗ್ಯ, ಸಸ್ಯಶಾಸ್ತ್ರದ ಸಂಶೋಧನೆ, ಇಲ್ಲವೆ ವಿಜ್ಞಾನದ ಪರಿಶೀಲನೆ—ಇವುಗಳಲ್ಲೊಂದನ್ನು ಕಾರಣವಾಗಿ ಬರೆಯಬೇಕು. ಮಕ್ಕಳಿಗೆ ಬೆಟ್ಟವನ್ನು ತೋರಿಸಬೇಕೆಂಬುದು ಕಾರಣವಾಗುತ್ತಿರಲಿಲ್ಲವಾದುದರಿಂದ, ವರ್ತಕರೂ ಗುಮಾಸ್ತರೂ ಬೇಸಗೆ ಬಂದೊಡನೆ ರೋಗಿಗಳೋ ಸಸ್ಯಶಾಸ್ತ್ರಜ್ಞರೋ ಆಗಬೇಕಾಯಿತು. 1878ರಲ್ಲಿ ಉತ್ತರ ಜಪಾನನ್ನು ಸುತ್ತಿದ ಇಸಬೆಲ್ಲಾ ಬರ್ಡ್ ಎಂಬ ಮಹಿಳೆಯು ತನ್ನ ಗ್ರಂಥದಲ್ಲಿ ಈ ರಹದಾರಿಯ ನಿಬಂಧನೆಗಳನ್ನು ವಿವರಿಸಿದ್ದಾಳೆ: ಕಾಡಿನಲ್ಲಿ ಬೆಂಕಿ ಹಾಕಬಾರದು, ಊರಲ್ಲಿ ಬೆಂಕಿ ಬಿದ್ದಾಗ ಕುದುರೆಯೇರಿ ನೋಡಲು ಹೋಗಬಾರದು, ಹೊಲಗದ್ದೆಗಳನ್ನು ತುಳಿಯಬಾರದು, ದೇವಾಲಯಗಳ ಗೋಡೆಗಳ ಮೇಲೆ ಗೀಚಬಾರದು. ಪ್ರತಿಯೊಂದು ನಿಷೇಧದ ಹಿಂದೆಯೂ ಅದನ್ನು ಮಾಡಿದವನೊಬ್ಬನು ಇದ್ದಿರಬೇಕು. ಶಾಸನಗಳನ್ನು ಓದಬೇಕಾದ ಬಗೆಯೇ ಹೀಗೆ.

ಇನ್ನು ವಿಹಾರದ ದಿನದ ಮಾತು. ಪರದೇಶೀಯರು ಬಂದಾಗ ಜಪಾನೀಯರ ವ್ಯವಹಾರದಲ್ಲಿ ಆದಿತ್ಯವಾರದ ರಜವೆಂಬುದೇ ಇರಲಿಲ್ಲ. 1868ರಿಂದ ಸರ್ಕಾರದ ಕಚೇರಿಗಳಿಗೆ ತಿಂಗಳ ಒಂದು, ಆರು, ಹನ್ನೊಂದು, ಹದಿನಾರು ಹೀಗೆ ಒಂದರಿಂದಲೂ ಆರರಿಂದಲೂ ಮುಗಿಯುವ ತಾರೀಕುಗಳಲ್ಲಿ ವಿರಾಮವಿದ್ದಿತು. ನಮ್ಮ ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿಗಳು ಅನಧ್ಯಯನದ ತಿಥಿಗಳಾಗಿದ್ದುದನ್ನು ಬಲ್ಲವರಿಗೆ ಈ ಕ್ರಮವು ವಿಚಿತ್ರವೆನಿಸದು. ಆದರೆ ಸರ್ಕಾರವು ಸಂಬಳಕೊಟ್ಟು ಕರೆಸಿದ್ದ ಪರದೇಶದ ಉಪಾಧ್ಯಾಯರೂ ಯಂತ್ರಶಿಲ್ಪಿಗಳೂ ಏಳನೆಯ ದಿನವೇ ಬೇಕೆಂದರು. ಒಂದೇ ಕಚೇರಿಯಲ್ಲಿ ಎರಡು ಪಂಚಾಂಗಗಳು ನಡೆಯಲಾರದೆ ಹೋದುವು. 1873ರ ಆರಂಭದಿಂದ ಸೌರಮಾನದ ಹೊಸ ಪಂಚಾಂಗವೂ, 1876ನೆಯ ಏಪ್ರಿಲಿನಿಂದ ಕಚೇರಿಗಳಿಗೆ ಆದಿತ್ಯವಾರದ ಪೂರ್ಣವಿರಾಮವೂ ಶನಿವಾರದ ಅರ್ಧವಿರಾಮವೂ ಜಾರಿಗೆ ಬಂದುವು. ಡಚ್ಚರು ಆದಿತ್ಯವಾರಕ್ಕೆ ಹೇಳುವ ‘ಜೋಂಡಾಹ್’ ಎಂಬ ಮಾತು ಜಪಾನೀಯರ ಬಾಯಲ್ಲಿ ‘ದೊಂತಕು’ ಎಂದಾಗಿ, ರಜಾದಿನವೆಂಬ ಅರ್ಥವನ್ನೇ ಪಡೆಯಿತು. 1889ರಲ್ಲಿ ಕಾಮಾಕುರಾಕ್ಕೆ ರೈಲುಮಾರ್ಗವಾದ ಮೇಲೆ ಆದಿತ್ಯವಾರದ ವಿಹಾರವು ಪರದೇಶೀಯರ ಸ್ವತ್ತಾಗಿ ಉಳಿಯಲಿಲ್ಲ. ಟೋಕಿಯೋವಿನ ಸಂಸಾರಗಳೂ ಬುತ್ತಿ ಕಟ್ಟಿಕೊಂಡು ಬರತೊಡಗಿದುವು.

ಗೆರೆಯನ್ನು ಅಳಿಸುವ ಮಾತು ಬಂದಾಗ ಯೊಕೊಹಾಮಾದ ಪರದೇಶೀಯರಲ್ಲಿ ಬಹುಮಂದಿ ವಿರೋಧಿಸಿದರು. ಹತ್ತು ‘ರಿ’ಗಳು ಸಾಲವೆಂದು ಗೊಣಗುತ್ತಿದ್ದವರೇ, ಬಯಲಿಗೆ ಪ್ರತಿಯಾಗಿ ಕಾನ್ಸಲನ ನ್ಯಾಯಾಲಯವನ್ನು ಬಿಟ್ಟುಕೊಡಬೇಕೆಂದಾಗ ಬೇಲಿಯೇ ವಾಸಿಯೆಂದರು. ಆದರೂ 1894ರಲ್ಲಿ ಇಂಗ್ಲೆಂಡಿನೊಡನೆ ಹೊಸ ಒಪ್ಪಂದವಾಗಿ, ಅದು 1899ನೆಯ ಜುಲೈ 17ರಂದು ಜಾರಿಗೆ ಬಂದಿತು. ಅಂದಿನಿಂದ ಪರದೇಶೀಯನು ಜಪಾನಿನ ಕಾನೂನಿಗೆ ಒಳಪಟ್ಟನು. ದೇಶವೆಲ್ಲ ಅವನಿಗೆ ತೆರೆಯಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನಿಗೆ ಹೋದುದು 1898ರಲ್ಲಿ, ಹಳೆಯ ಕ್ರಮವು ಇನ್ನೂ ನಡೆಯುತ್ತಿದ್ದ ಕೊನೆಯ ದಿನಗಳಲ್ಲಿ.

ಯೊಕೊಹಾಮಾದ ಗುಡ್ಡದ ಮೇಲಣ ಪರದೇಶೀಯರ ಸ್ಮಶಾನದಲ್ಲಿ ರಿಚರ್ಡ್‌ಸನ್ನನ ಸಮಾಧಿಯಿದೆ. ಅಂದು ಅವನ ಜೊತೆಯಲ್ಲಿ ಸವಾರಿ ಹೊರಟ ಮಾರ್ಷಲ್, ಕ್ಲಾರ್ಕರೂ ಮುಂದೆ ತಮ್ಮ ಕಾಲ ತೀರಿದಾಗ ಅಲ್ಲಿಯೇ ಮಣ್ಣಾದರು. ಅವನು ಬಿದ್ದ ಸ್ಥಳದಲ್ಲಿ ಒಂದು ಸ್ಮಾರಕಶಿಲೆಯುಂಟು. ಅದನ್ನು ಅವನ ದೇಶದವರು ನಿಲ್ಲಿಸಲಿಲ್ಲ. 1883ರಲ್ಲಿ ಆ ಕಡೆಯ ನಿವಾಸಿಯಾದ ಕುರೋಕಾವಾ ಶೋಜೋ ಎಂಬ ಜಪಾನೀಯನು ಅದನ್ನು ನಿಲ್ಲಿಸಿದನು. ಮೇಲಣ ಬರೆಹವನ್ನು ರಚಿಸಿಕೊಟ್ಟವನು ಆ ಕಾಲದ ಹೆಸರಾಂತ ವಿದ್ವಾಂಸನಾದ ನಾಕಾಮುರಾ ಮಾಸಾನಾವೊ.