ಭುಜ ಹೆದರದ ಕೋವಿ

ಆನೆ ಹೊಡೆಯಲು ಎಂಥ ಕೋವಿ ಬೇಕೆಂದು ಕೇಳಿದರೆ ಯಾರೇ ಆಗಲಿ ದೊಡ್ಡ ಕೋವಿ ಎಂದೇ ಹೇಳುತ್ತಾರೆ. ಕರಿಮದ್ದಿನ ಕಾಲದಲ್ಲಿ ಇದು ಸರಿಯೂ ಆಗಿತ್ತು. ಆ ಮದ್ದು ಗುಂಡಿಗೆ ಕೊಡಬಲ್ಲ ವೇಗಕ್ಕೆ ಒಂದು ಮಿತಿಯಿತ್ತು. ಹಾಗಾಗಿ ಗುಂಡಿನ ತೂಕವನ್ನೇ ಹೆಚ್ಚಿಸಬೇಕಿತ್ತು. ತೂಕ ಹೆಚ್ಚಿದಷ್ಟೂ ಕೋವಿ ಹಿಂದಕ್ಕೆ ಒದೆಯುತ್ತದೆ. 1860ರ ದಶಕದಲ್ಲಿ ಅಬಿಸೀನಿಯಾದ ಗಡಿಯಲ್ಲಿ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರ್ ಬಳಿ ಅರ್ಧ ಪೌಂಡಿನ ಗುಂಡು ಹಾರಿಸುವ ಕೋವಿಯಿತ್ತು. ಅದರ ಹೆಸರು ಬೇಬಿ! ಈಡು ಹೊಡೆದರೆ ಆ ದೈತ್ಯ ಆಳು ಬುಗುರಿಯಂತೆ ತಿರುಗಿಬಿಡುತ್ತಿದ್ದ. ಅದನ್ನು ಹೊಡೆಯಲು ತನಗೇ ಅಂಜಿಕೆ ಎಂದು ಅವನೇ ಬರೆದಿದ್ದಾನೆ.

ನನ್ನ ಕುತೂಹಲವಿರುವುದು ಈ ಅಂಜಿಕೆಯಲ್ಲೇ. ಒದೆತಕ್ಕೆ ಹೆದರಿದ ಭುಜ ಟ್ರಿಗರ್ ಎಳೆಯುವ ಮೊದಲೇ ಬಿಗಿಯಾಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಗುರಿ ಒಂದು ಗೇಣು ಆಚೀಚೆ ಸರಿಯುತ್ತದೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಲೆಕ್ಕವೇ ಬದಲಾಯಿತು. ಸಣ್ಣ ಗುಂಡಿಗೂ ವೇಗ ಸಿಕ್ಕಿತು. ಜರ್ಮನಿಯ ಮೌಸರ್ ಕಂಪನಿ ಸೈನಿಕರಿಗೆಂದು ಮಾಡಿದ ಏಳು ಮಿಲಿಮೀಟರಿನ ತೋಟಾ ಅಂಥದ್ದು. ಅದರ ಗುಂಡಿನ ತೂಕ ಸುಮಾರು 11 ಗ್ರಾಂ, ಬೇಬಿಯ ಗುಂಡಿನ ಇಪ್ಪತ್ತರಲ್ಲೊಂದು ಪಾಲು. ಆದರೆ ಗುಂಡು ಉದ್ದ, ಸಪೂರ, ಗಟ್ಟಿ ಕವಚದ್ದು. ಹಾಗಾಗಿ ದಾರಿ ತಪ್ಪದೆ ಆಳಕ್ಕೆ ನುಗ್ಗುತ್ತಿತ್ತು. ಲಂಡನ್ನಿನ ರಿಗ್ಬಿ ಕಂಪನಿ ಅದನ್ನೇ .275 ಎಂಬ ಹೆಸರಿನಲ್ಲಿ ಮಾರಿತು.

ಸ್ಕಾಟ್ಲೆಂಡಿನ ಡಬ್ಲ್ಯೂ.ಡಿ.ಎಂ. ಬೆಲ್ ಪೂರ್ವ ಆಫ್ರಿಕಾದ ಕರಮೋಜಾ ಸೀಮೆಯಲ್ಲಿ ದಂತಕ್ಕಾಗಿ ಅಲೆದವನು. ಸಾವಿರಕ್ಕೂ ಹೆಚ್ಚು ಆನೆ ಕೊಂದ, ಅದರಲ್ಲಿ ಹೆಚ್ಚಿನವನ್ನು ಈ ಪುಟ್ಟ ತೋಟಾದಿಂದಲೇ. ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಎಲ್ಲಿದೆ, ಯಾವ ಕೋನದಿಂದ ಅದನ್ನು ಮುಟ್ಟಬಹುದು ಎಂದು ಕಲಿತುಕೊಂಡಿದ್ದ. ಇದನ್ನು ಜಾಣ್ಮೆಯ ಕಥೆಯಾಗಿ ಹೇಳುವವರೇ ಹೆಚ್ಚು. ನನಗದು ದಂತದ ಲೆಕ್ಕಪುಸ್ತಕದಂತೆ ಕಾಣುತ್ತದೆ. ಒದೆಯದ ಕೋವಿ ಕೊಲ್ಲುವುದನ್ನು ಸಲೀಸು ಮಾಡಿಬಿಟ್ಟಿತು. ಬೆಲ್‌ನ ತೋಟಾ ಹಿಡಿದು ಬೆಲ್‌ನ ಕಣ್ಣಿಲ್ಲದೆ ಹೊರಟರೆ ಆನೆ ಗಾಯಗೊಂಡು ಓಡುತ್ತದೆ, ಇಲ್ಲವೇ ತಿರುಗಿ ಬೀಳುತ್ತದೆ. ಇಂದು ಆಫ್ರಿಕಾದ ಹಲವು ದೇಶಗಳಲ್ಲಿ ಇಂಥ ಪ್ರಾಣಿಗಳಿಗೆ .375ಕ್ಕಿಂತ ಸಣ್ಣ ಕೋವಿ ಬಳಸುವಂತಿಲ್ಲ.

ಗುರಿ ತಪ್ಪಿದ ಗುಂಡಿನ ಬೆಲೆ ನಮ್ಮ ದೇಶಕ್ಕೆ ಗೊತ್ತು. 1907ರಲ್ಲಿ ಜಿಮ್ ಕಾರ್ಬೆಟ್ ಹೊಡೆದ ಚಂಪಾವತ್‌ನ ಹೆಣ್ಣು ಹುಲಿ, ಅವನ ಲೆಕ್ಕದಂತೆ 436 ಜನರನ್ನು ತಿಂದಿತ್ತು. ಅದರ ಬಲಗಡೆಯ ಎರಡೂ ಕೋರೆಹಲ್ಲುಗಳು ಮುರಿದಿದ್ದವು, ಕೆಳಗಿನದಂತೂ ಬುಡದವರೆಗೆ. ಹಿಂದೆ ಯಾರೋ ಹೊಡೆದ ಗುಂಡಿನಿಂದ ಹಾಗಾಯಿತೆಂದೂ, ಸಹಜ ಬೇಟೆ ಆಡಲಾಗದೆ ಅದು ನರಭಕ್ಷಕವಾಯಿತೆಂದೂ ಕಾರ್ಬೆಟ್ ಬರೆದ. ಆ ಯಾರೋ ಒಬ್ಬನ ಕೋವಿ ದೊಡ್ಡದೋ ಸಣ್ಣದೋ, ಇತಿಹಾಸದಲ್ಲಿ ಅವನ ಹೆಸರಂತೂ ಇಲ್ಲ.

ಆ ಹುಲಿಯನ್ನು ಕೊಂದದ್ದಕ್ಕೆ ಕಾರ್ಬೆಟ್‌ಗೆ ಬಹುಮಾನವಾಗಿ ಸಿಕ್ಕಿದ್ದು ಒಂದು .275 ರಿಗ್ಬಿ. ತೇಜಸ್ವಿಯವರ ಅನುವಾದದಲ್ಲಿ ನಾವೆಲ್ಲ ಓದಿದ ರುದ್ರಪ್ರಯಾಗದ ಚಿರತೆಯನ್ನು 1926ರ ಮೇ ತಿಂಗಳ ಕತ್ತಲ ರಾತ್ರಿಯಲ್ಲಿ ಅವನು ಹೊಡೆದದ್ದು ಇದರಿಂದಲೇ, ಮಾವಿನ ಮರದ ಮೇಲೆ ಕೂತು, ಒಂದೇ ಈಡಿಗೆ. ಕೆಲಕಾಲ ಅವನ ಪುಸ್ತಕಗಳ ಪ್ರಕಾಶಕರ ಬಳಿ ಇದ್ದ ಆ ಕೋವಿ ಈಗ ಲಂಡನ್ನಿನ ರಿಗ್ಬಿ ಕಂಪನಿಗೇ ಮರಳಿದೆ. ಅದರ ಹಿಡಿಯಲ್ಲಿ ಚಂಪಾವತ್ ಹುಲಿಯ ನೆನಪಿನ ಬೆಳ್ಳಿ ಫಲಕ ಇನ್ನೂ ಇದೆ.