ಮುಚ್ಚಿದ ಎಲೆ, ತೋರಿಸಿದ ಎಲೆ

ಆದೋನಿಯ ಕನ್ನಡಿಗರಿಗೂ ಕಾಸರಗೋಡಿನವರಿಗೂ ಇರುವ ನಂಟನ್ನು ಹೇಳುವಾಗ ಗಡಿಯ ಮಾತು ಬರುತ್ತದೆ, ಇಸ್ಪೀಟಿನ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಬಳ್ಳಾರಿ ಜಿಲ್ಲೆಯೂ ದಕ್ಷಿಣ ಕನ್ನಡವೂ ಮದರಾಸು ಪ್ರಾಂತಕ್ಕೆ ಸೇರಿದ್ದಾಗ ಎರಡೂ ಕಡೆಗೆ ಒಂದೇ ಜೂಜಿನ ಕಾನೂನಿತ್ತು: 1930ರ ಮದರಾಸು ಗೇಮಿಂಗ್ ಕಾಯಿದೆ. ವಾರಂಟು ಹಿಡಿದು ಬಂದ ಪೊಲೀಸರಿಗೆ ಮನೆಯಲ್ಲಿ ಜೂಜಿನ ಸಾಮಗ್ರಿ ಸಿಕ್ಕರೆ, ಅದು ಜೂಜಿನ ಮನೆಯಲ್ಲವೆಂದು ತೋರಿಸುವ ಹೊಣೆ ಮನೆಯವರದೇ ಆಗುತ್ತಿತ್ತು. ಬರಿಯ ಜಾಣ್ಮೆಯ ಆಟಕ್ಕೆ ಮಾತ್ರ ವಿನಾಯಿತಿ.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ನೆರೆಯ ಸಿರುಗುಪ್ಪ ಮೈಸೂರಿಗೆ ಬಂತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳ 1960ರಲ್ಲಿ, ಮೈಸೂರು 1963ರ ಪೊಲೀಸ್ ಕಾಯಿದೆಯಲ್ಲಿ, ಆಂಧ್ರಪ್ರದೇಶ 1974ರಲ್ಲಿ ತಮ್ಮ ತಮ್ಮ ನಿಯಮ ಬರೆದುಕೊಂಡವು. ನಾವು 'ಎಲೆ' ಎನ್ನುವುದು ತೆಲುಗರಿಗೆ 'ಮುಕ್ಕ', ಮಲಯಾಳಿಗಳಿಗೆ 'ಚೀಟ್ಟ್'. ಇಂಗ್ಲಿಷಿನ 'ಶೋ' ಮಾತ್ರ ಎಲ್ಲರಿಗೂ ಶೋ!

ಈ ಶೋ ಎಂಬುದಕ್ಕೆ ಪೋಕರಿನಲ್ಲಿರುವಂತೆ ಮೂರೆಲೆಯ ಆಟದಲ್ಲೂ ಕಟ್ಟುನಿಟ್ಟಾದ ಮರ್ಯಾದೆಯಿದೆ. ಕೊನೆಗೆ ಇಬ್ಬರೇ ಉಳಿಯುವ ತನಕ ಶೋ ಕೇಳುವಂತಿಲ್ಲ. ಕೇಳುವವನು ಹಣ ಕಟ್ಟಿಯೇ ಕೇಳಬೇಕು. ಎದುರಿನವನು ತನ್ನ ಎಲೆ ನೋಡದೆ 'ಬ್ಲೈಂಡ್' ಆಡುತ್ತಿದ್ದರೆ, ನೋಡಿಕೊಂಡವನಿಗೆ ಶೋ ಕೇಳುವ ಹಕ್ಕೇ ಇಲ್ಲ. ಎಲೆಗಳು ಸಮವಾದರೆ ಕೇಳಿದವನೇ ಸೋತ. ಉಳಿದವರೆಲ್ಲ ಎಲೆ ಎಸೆದರೆ ಗೆದ್ದವನು ತನ್ನದನ್ನು ತೋರಿಸಬೇಕಾಗಿಲ್ಲ. ಅವನ ಕೈಯಲ್ಲಿ ಏನಿತ್ತೆಂದು ಕೆದಕುವುದು ಅಸಭ್ಯ. ಊರಿನ ಎಷ್ಟೋ ವ್ಯವಹಾರಗಳಲ್ಲಿ ಇಷ್ಟು ನ್ಯಾಯವಿಲ್ಲ ಎಂದರೆ ಓದುಗರು ನಕ್ಕಾರು.

ರಮ್ಮಿಯಲ್ಲಿ ಹಾಗಲ್ಲ. ಅಲ್ಲಿ ಬೇಡವಾದ ಎಲೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. 1963ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ರಮ್ಮಿಯಾಡುತ್ತಿದ್ದವರನ್ನು ಪೊಲೀಸರು ಹಿಡಿದರು. ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದರು, ಹೈಕೋರ್ಟು ಬಿಡಿಸಿತು, ಸರಕಾರ ದೆಹಲಿಗೆ ಹೋಯಿತು. 1967ರ ನವೆಂಬರ್ 22ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹಿದಾಯತುಲ್ಲಾ ತೀರ್ಪಿತ್ತರು: ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬುದಕ್ಕೆ ಜಾಣ್ಮೆ ಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ. ಮೂರೆಲೆಯ 'ಫ್ಲಶ್' ಬರಿಯ ಅದೃಷ್ಟದ್ದು. ಆದರೆ ಆಟ ನಡೆಸುವವನು ಅದರಿಂದ ಲಾಭ ಮಾಡಿಕೊಂಡರೆ ರಮ್ಮಿಯೂ ಅಪರಾಧವಾಗಬಹುದು.

ಆ ಮೊಕದ್ದಮೆ ನಡೆದದ್ದು ಹಳೆಯ ಹೈದರಾಬಾದ್ ಕಾನೂನಿನಡಿ. ಆದೋನಿಯಲ್ಲಿ ಆಗ ಇನ್ನೂ ಮದರಾಸಿನ ಕಾಯಿದೆಯೇ ಇತ್ತು. ಆದರೂ ಜಾಣ್ಮೆಯ ವಿನಾಯಿತಿ ಎರಡರಲ್ಲೂ ಇದ್ದುದರಿಂದ ತೀರ್ಪಿನ ನೆರಳು ಇಲ್ಲಿಗೂ ಬಂತು, 1974ರ ಕಾಯಿದೆಗೂ ದಾಟಿತು. ನನಗೆ ಕಾಣುವಂತೆ ಗೆರೆ ಬಿದ್ದದ್ದು ತೋರಿಸಿದ ಎಲೆಗೂ ಮುಚ್ಚಿದ ಎಲೆಗೂ ನಡುವೆ. ಕಂಡದ್ದನ್ನು ನೆನಪಿಡಬಹುದು, ಶೋ ತನಕ ಏನೂ ಕಾಣದಿದ್ದರೆ ನೆನಪಿಗೇನು ಕೆಲಸ? ಮೂರೆಲೆಯವರು ಇದನ್ನು ಒಪ್ಪಲಾರರು. ಎದುರಿನವನ ಮುಖ ಓದುವುದೂ ವಿದ್ಯೆಯೇ ಎಂದು ಅವರ ವಾದ. ಅದನ್ನು ಪೂರ್ತಿ ತಳ್ಳಿಹಾಕಲು ನನಗೂ ಮನಸ್ಸಿಲ್ಲ.

ಮೊಬೈಲಿನ ಆಟದಲ್ಲಿ ಓದಲು ಮುಖವೇ ಇರಲಿಲ್ಲ. ಆಂಧ್ರಪ್ರದೇಶ 2020ರಲ್ಲಿ ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ಜಾಣ್ಮೆ, ಅದೃಷ್ಟವೆಂಬ ಭೇದವೆಣಿಸದೆ ದೇಶಕ್ಕೆಲ್ಲ ನಿಷೇಧಿಸಿ ಕಾಯಿದೆ ಮಾಡಿತು. ಹೀಗೆ ಕಾಗದದಲ್ಲಾದರೂ ಆದೋನಿಗೂ ಸಿರುಗುಪ್ಪಕ್ಕೂ ಕಾಸರಗೋಡಿಗೂ ಮತ್ತೆ ಒಂದೇ ಜೂಜಿನ ಕಾನೂನು ಬಂದಂತಾಯಿತು.